ಬಗ್ದಾದಿನ ಪೀಠ ತೊರೆದ ಇಮಾಮ್ ಗಝ್ಝಾಲಿ(ರ)

ನಿಮ್ಮ ಮನೆಯ ಮಗನೊಬ್ಬನಿಗೆ ಮೂವತ್ತೇಳು ವರ್ಷ ವಯಸ್ಸಾಗಿದೆ ಎಂದಿಟ್ಟುಕೊಳ್ಳಿ. ನಾಡಿನ ಅತಿ ದೊಡ್ಡ ವಿದ್ಯಾಸಂಸ್ಥೆಯಲ್ಲಿ ಅವನು ಮುಖ್ಯ ಅಧ್ಯಾಪಕ. ಆದಾಯಕ್ಕೆ ಕೊರತೆಯಿಲ್ಲ. ಆಳುವವರ ಬಳಿ ಅವನ ಮಾತಿಗೆ ಬೆಲೆಯಿದೆ. ಮಕ್ಕಳಿದ್ದಾರೆ. ಒಂದು ದಿನ ಅವನು ಬಂದು, ಈ ಹುದ್ದೆ ತನಗೆ ಬೇಡ, ತಾನು ಊರು ಬಿಟ್ಟು ಹೊರಡುವೆನೆಂದು ಹೇಳುತ್ತಾನೆ. ಎಲ್ಲಿಗೆಂದು ಕೇಳಿದರೆ ಸರಿಯಾದ ಉತ್ತರವಿಲ್ಲ. ಎಷ್ಟು ಕಾಲಕ್ಕೆಂದರೆ ಅದಕ್ಕೂ ಉತ್ತರವಿಲ್ಲ. ಆಗ ನೀವೇನು ಮಾಡುವಿರಿ? ತಾಯಿ ಅಳುತ್ತಾಳೆ. ತಂದೆ ವೈದ್ಯರನ್ನು ಕರೆಸುತ್ತಾನೆ. ನೆರೆಯವರು ಯಾರೋ ಮಾಟ ಮಾಡಿಸಿರಬೇಕೆಂದು ಪಿಸುಗುಡುತ್ತಾರೆ. ಇನ್ನು ಕೆಲವರು, ಮೇಲಿನವರೊಂದಿಗೆ ಏನೋ ಮನಸ್ತಾಪವಾಗಿರಬೇಕೆಂದು ಲೆಕ್ಕ ಹಾಕುತ್ತಾರೆ.

ಹಿಜರಿ 488ರಲ್ಲಿ, ಅಂದರೆ ಕ್ರಿ.ಶ. 1095ರಲ್ಲಿ, ಬಗ್ದಾದ್ ನಗರದಲ್ಲಿ ಹೆಚ್ಚುಕಡಿಮೆ ಇದೇ ನಡೆಯಿತು. ಹಾಗೆ ಹೊರಟವರು ಇಮಾಮ್ ಅಬೂಹಾಮಿದ್ ಮುಹಮ್ಮದ್ ಗಝ್ಝಾಲಿ(ರ).

ಈ ಹೆಸರು ನಿಮಗೆ ಹೊಸತಲ್ಲ. ಎಷ್ಟೋ ಪ್ರವಚನಗಳಲ್ಲಿ ಹುಜ್ಜತುಲ್ ಇಸ್ಲಾಮ್ ಎಂಬ ಬಿರುದಿನೊಂದಿಗೆ ಅದನ್ನು ಕೇಳಿರುತ್ತೀರಿ. ನಮ್ಮ ಕರಾವಳಿಯ ಶಾಫಿಈ ಮುಸ್ಲಿಮರಿಗಂತೂ ಅವರು ಇನ್ನಷ್ಟು ಹತ್ತಿರದವರು. ಇಮಾಮ್ ರಾಫಿಈ ಮತ್ತು ಇಮಾಮ್ ನವವಿಯವರ ಗ್ರಂಥಗಳ ಮೂಲಕ ನಮ್ಮ ಮಸೀದಿ ದರ್ಸ್‌ಗಳಿಗೆ ಬಂದ ಫಿಕ್‌ಹ್ ಪರಂಪರೆಯ ಹಿಂದೆ ಗಝ್ಝಾಲಿಯವರ ವಜೀಝ್ ಎಂಬ ಗ್ರಂಥವಿದೆ. ಆದರೆ ಹೆಸರು ಪರಿಚಿತವಾದಷ್ಟೂ ಮನುಷ್ಯ ಮರೆಯಾಗುವುದುಂಟು. ಅವರು ಹುಟ್ಟಿನಿಂದಲೇ ವಿರಕ್ತರಾಗಿದ್ದರು, ಲೌಕಿಕ ಆಸೆಗಳು ಅವರ ಹತ್ತಿರ ಸುಳಿಯಲೇ ಇಲ್ಲವೆಂದು ನಾವು ಭಾವಿಸಿಬಿಟ್ಟಿದ್ದೇವೆ. ವಾಸ್ತವ ಹಾಗಿಲ್ಲ. ತಮ್ಮ ಕತೆಯನ್ನು ಅವರೇ ಮುಚ್ಚುಮರೆಯಿಲ್ಲದೆ ಬರೆದಿಟ್ಟಿದ್ದಾರೆ.

ಅವರು ಹಿಜರಿ 450ರಲ್ಲಿ (ಕ್ರಿ.ಶ. 1058) ಖುರಾಸಾನ್ ಪ್ರಾಂತ್ಯದ ತೂಸ್‌ನಲ್ಲಿ ಜನಿಸಿದರು. ಈಗಿನ ಇರಾನಿನಲ್ಲಿ, ಮಶ್‌ಹದ್ ನಗರದ ಹತ್ತಿರವಿರುವ ಸ್ಥಳವದು. ತಂದೆ ಉಣ್ಣೆ ನೂತು ಅಂಗಡಿಯಲ್ಲಿ ಮಾರುತ್ತಿದ್ದ ಬಡವರು. ವಿದ್ವಾಂಸರ ಸಭೆಗಳಿಗೆ ಹೋಗಿ ಕುಳಿತು ಕಣ್ಣೀರು ಸುರಿಸುತ್ತಿದ್ದರು. ತನಗೂ ಇಂತಹ ಮಗನನ್ನು ಕೊಡು ಎಂದು ಅಲ್ಲಾಹನಲ್ಲಿ ಬೇಡುತ್ತಿದ್ದರು. ಸಾಯುವ ಮುನ್ನ ಮುಹಮ್ಮದ್ ಮತ್ತು ಅಹ್ಮದ್ ಎಂಬ ತಮ್ಮಿಬ್ಬರು ಮಕ್ಕಳನ್ನು ಒಬ್ಬ ಸೂಫಿ ಮಿತ್ರನ ಕೈಗೊಪ್ಪಿಸಿ, ಇದ್ದ ಚೂರುಪಾರು ಹಣವನ್ನೂ ಕೊಟ್ಟು, ತನಗೆ ಸಿಗದ ವಿದ್ಯೆ ಇವರಿಗೆ ಸಿಗಲೆಂದು ಕೇಳಿಕೊಂಡರು. ಹಣ ಬೇಗನೇ ಮುಗಿಯಿತು. ಆ ಮಿತ್ರನೂ ಬಡವನೇ. ಅವನು ಮಕ್ಕಳನ್ನು ಕೂರಿಸಿಕೊಂಡು ಇದ್ದ ವಿಷಯವನ್ನು ಇದ್ದಂತೆಯೇ ಹೇಳಿದ. ನಿಮ್ಮ ಹಣ ನಿಮಗೇ ಖರ್ಚಾಗಿದೆ, ನನ್ನಲ್ಲಿ ಏನೂ ಇಲ್ಲ, ಯಾವುದಾದರೂ ಮದ್ರಸಕ್ಕೆ ಸೇರಿಕೊಳ್ಳಿ, ಅಲ್ಲಿ ಊಟವಾದರೂ ಸಿಗುತ್ತದೆ ಎಂದ.

ಹೀಗೆ ಇಸ್ಲಾಮೀ ಇತಿಹಾಸದ ಒಬ್ಬ ಮಹಾ ವಿದ್ವಾಂಸರ ವಿದ್ಯಾಭ್ಯಾಸ ಹೊಟ್ಟೆಪಾಡಿಗಾಗಿ ಆರಂಭವಾಯಿತು. ಮುಂದೆ ಅವರು ಇದನ್ನು ನೆನೆದು, ತಾವು ಅಲ್ಲಾಹನಿಗಲ್ಲದೆ ಬೇರೇನಕ್ಕೋ ವಿದ್ಯೆ ಕಲಿಯಹೋದರೂ ವಿದ್ಯೆಯೇ ಅದಕ್ಕೆ ಒಪ್ಪದೆ ತಮ್ಮನ್ನು ಅಲ್ಲಾಹನೆಡೆಗೆ ತಂದಿತೆಂದು ಹೇಳಿಕೊಂಡರು. ಆದರೆ ಅದು ಒಪ್ಪದೆ ತರಲು ಬಹಳ ವರ್ಷಗಳೇ ಹಿಡಿದವು. ನಡುವೆ ಹಸಿವಿನ ಜಾಗಕ್ಕೆ ಇನ್ನೊಂದು ಬಂದು ಕುಳಿತಿತ್ತು.

ಎಳೆಯ ವಯಸ್ಸಿನಲ್ಲಿ ಅವರು ಓದಲು ಜುರ್ಜಾನ್‌ಗೆ ಹೋಗಿದ್ದರು. ಮರಳಿ ಬರುವಾಗ ದಾರಿಗಳ್ಳರು ಎಲ್ಲವನ್ನೂ ದೋಚಿದರು. ಗಝ್ಝಾಲಿ ಕಳ್ಳರ ನಾಯಕನ ಹಿಂದೆ ಓಡಿ, ತನ್ನ ಟಿಪ್ಪಣಿ ಪುಸ್ತಕಗಳನ್ನಾದರೂ ಮರಳಿಸು, ನನ್ನ ವಿದ್ಯೆಯೆಲ್ಲ ಅದರಲ್ಲಿದೆ ಎಂದು ಅಂಗಲಾಚಿದರು. ಅವನು ನಕ್ಕುಬಿಟ್ಟ. ಚೀಲ ಕಸಿದುಕೊಂಡರೆ ಕಳೆದುಹೋಗುವ ವಿದ್ಯೆ ಅದೆಂತಹ ವಿದ್ಯೆ ಎಂದು ಕೇಳಿ ಪುಸ್ತಕಗಳನ್ನು ಹಿಂದಕ್ಕೆ ಕೊಡಿಸಿದ. ತೂಸ್‌ಗೆ ಬಂದ ಮೇಲೆ ಮೂರು ವರ್ಷ ಕುಳಿತು ಅವರು ಬರೆದುಕೊಂಡದ್ದನ್ನೆಲ್ಲ ಬಾಯಿಪಾಠ ಮಾಡಿಕೊಂಡರು. ಕಳ್ಳನಿಂದಲೂ ಪಾಠ ಕಲಿಯುವ ಬುದ್ಧಿ ಆಗಲೇ ಅವರಿಗಿತ್ತು.

ಬಳಿಕ ನೈಸಾಬೂರ್‌ನಲ್ಲಿ ಇಮಾಮುಲ್ ಹರಮೈನ್ ಜುವೈನಿಯವರ(ರ) ಶಿಷ್ಯತ್ವ ದೊರೆಯಿತು. ಗುರುಗಳು 1085ರಲ್ಲಿ ತೀರಿಕೊಂಡಾಗ ಗಝ್ಝಾಲಿಯವರಿಗೆ ಇಪ್ಪತ್ತೇಳು ವರ್ಷ. ಅಲ್ಲಿಂದ ಅವರು ನೇರವಾಗಿ ಸೆಲ್ಜೂಕ್ ಸಾಮ್ರಾಜ್ಯದ ಪ್ರಧಾನಿ ನಿಝಾಮುಲ್ ಮುಲ್ಕ್‌ರ ಶಿಬಿರಕ್ಕೆ ಹೋದರು. ಅಲ್ಲಿ ವಿದ್ವಾಂಸರ ಜಟಾಪಟಿ ನಡೆಯುತ್ತಿತ್ತು. ವಾದದಲ್ಲಿ ಗೆದ್ದವನಿಗೆ ಹೆಸರು, ಹೆಸರಿದ್ದವನಿಗೆ ಹುದ್ದೆ. ಗಝ್ಝಾಲಿ ಗೆಲ್ಲುತ್ತಲೇ ಹೋದರು. 1091ರಲ್ಲಿ ಪ್ರಧಾನಿಯು ಅವರನ್ನು ಬಗ್ದಾದಿನ ನಿಝಾಮಿಯ್ಯ ಮದ್ರಸದ ಪೀಠಕ್ಕೆ ನೇಮಿಸಿದರು. ಆಗ ಅವರಿಗೆ ಮೂವತ್ಮೂರು ವರ್ಷ.

ನಿಝಾಮಿಯ್ಯವೆಂದರೆ ಏನೆಂದು ನಿಮಗೆ ಅಂದಾಜಾಗಬೇಕು. 1067ರಲ್ಲಿ ತೆರೆದ ಆ ಸಂಸ್ಥೆಗೆ ದೊಡ್ಡ ವಕ್ಫ್ ಆಸ್ತಿಯಿತ್ತು. ಅಲ್ಲಿ ಪೀಠ ಸಿಕ್ಕಿತೆಂದರೆ ವಿದ್ವಾಂಸನೊಬ್ಬನಿಗೆ ಅದಕ್ಕಿಂತ ಮೇಲೆ ಹೋಗಲು ಮೆಟ್ಟಿಲಿರಲಿಲ್ಲ. ಗಝ್ಝಾಲಿಯವರ ಪಾಠಕ್ಕೆ ಮುನ್ನೂರು ವಿದ್ಯಾರ್ಥಿಗಳು ಕುಳಿತುಕೊಳ್ಳುತ್ತಿದ್ದರು. ಅವರು ಬಗ್ದಾದಿಗೆ ಬಂದಾಗ ಅವರ ಉಡುಪು ಮತ್ತು ಸವಾರಿಯ ಬೆಲೆಯನ್ನು ಜನ ಐನೂರು ದೀನಾರ್ ಎಂದು ಕಟ್ಟಿದ್ದರಂತೆ. ಅವರನ್ನು ಹತ್ತಿರದಿಂದ ಬಲ್ಲ ಅಬ್ದುಲ್ ಗಾಫಿರ್ ಫಾರಿಸಿ ಎಂಬ ಚರಿತ್ರೆಕಾರರು, ಆ ಕಾಲದ ಗಝ್ಝಾಲಿಯವರಲ್ಲಿ ಒರಟುತನ, ಇತರರನ್ನು ಕೀಳಾಗಿ ಕಾಣುವ ಸ್ವಭಾವ ಮತ್ತು ತಮ್ಮ ಪ್ರತಿಭೆಯ ಬಗ್ಗೆ ಅಹಂಕಾರವಿತ್ತೆಂದು ಸ್ಪಷ್ಟವಾಗಿಯೇ ದಾಖಲಿಸಿದ್ದಾರೆ. ಅಂತಹ ಮಾತನ್ನು ಅಳಿಸದೆ ನಮಗೆ ತಲುಪಿಸಿದ ಆ ಹಿಂದಿನವರ ಪ್ರಾಮಾಣಿಕತೆ ಮೆಚ್ಚತಕ್ಕದ್ದು.

ಅವರನ್ನು ನೇಮಿಸಿದ ಪ್ರಧಾನಿ ಮರುವರ್ಷವೇ, 1092ರಲ್ಲಿ, ಕೊಲೆಗಡುಕನ ಚೂರಿಗೆ ಬಲಿಯಾದರು. ಸುಮಾರು ಒಂದು ತಿಂಗಳೊಳಗೆ ಸುಲ್ತಾನ್ ಮಲಿಕ್ ಶಾಹ್ ಕೂಡ ತೀರಿಕೊಂಡರು. ಉತ್ತರಾಧಿಕಾರಕ್ಕಾಗಿ ರಾಜಮನೆತನದಲ್ಲಿ ಕಾದಾಟ ಶುರುವಾಯಿತು. ಆದರೂ ಗಝ್ಝಾಲಿಯವರ ಸ್ಥಾನ ಅಲುಗಲಿಲ್ಲ. ಖಲೀಫ ಮುಸ್ತಝ್‌ಹಿರ್ ಅವರ ಕೈಯಿಂದ ಗ್ರಂಥ ಬರೆಸಿದರು. ಪಾಠದ ನಡುವೆ ಸಿಕ್ಕ ಬಿಡುವಿನಲ್ಲಿ, ಗುರುವಿಲ್ಲದೆ, ಎರಡು ವರ್ಷದೊಳಗೆ ಅವರು ತತ್ವಶಾಸ್ತ್ರವನ್ನು ಓದಿ ಮುಗಿಸಿದರು. ಇನ್ನೊಂದು ವರ್ಷ ಅದರ ಬಗ್ಗೆ ಚಿಂತಿಸಿದರು. ಬಳಿಕ ತಹಾಫುತುಲ್ ಫಲಾಸಿಫ ಎಂಬ ಪ್ರಸಿದ್ಧ ಖಂಡನಾ ಗ್ರಂಥವನ್ನು ಬರೆದರು. ಇಷ್ಟನ್ನು ಒಬ್ಬ ಮನುಷ್ಯ ನಾಲ್ಕು ವರ್ಷದಲ್ಲಿ ಹೇಗೆ ಮಾಡಿದನೋ ಅಲ್ಲಾಹನೇ ಬಲ್ಲ.

ಆ ಮೇಲೆ ಅವರು ಸೂಫಿಗಳ ಗ್ರಂಥಗಳನ್ನು ಕೈಗೆತ್ತಿಕೊಂಡರು. ಅಬೂ ತಾಲಿಬ್ ಮಕ್ಕಿ, ಹಾರಿಸ್ ಮುಹಾಸಿಬಿ, ಜುನೈದ್ ಬಗ್ದಾದಿ(ರ) ಮೊದಲಾದವರು ಹೇಳಿದ್ದನ್ನೆಲ್ಲ ಓದಿದರು. ಓದಿನಿಂದ ಸಿಗುವಷ್ಟು ಸಿಕ್ಕಿತು. ಅಷ್ಟರಲ್ಲಿ ಅವರಿಗೊಂದು ವಿಷಯ ಹೊಳೆಯಿತು. ಆರೋಗ್ಯವೆಂದರೇನು, ಅದರ ಕಾರಣಗಳೇನೆಂದು ವಿವರಿಸಬಲ್ಲವನು ಆರೋಗ್ಯವಂತನೇ ಆಗಿರಬೇಕೆಂದಿಲ್ಲ. ಕಾಯಿಲೆ ಬಿದ್ದ ವೈದ್ಯನಿಗೂ ಆರೋಗ್ಯದ ಲಕ್ಷಣ ಗೊತ್ತಿರುತ್ತದೆ. ಗೊತ್ತಿರುವುದರಿಂದ ಅವನ ಜ್ವರ ಇಳಿಯುವುದಿಲ್ಲ. ಹಾಗೆಯೇ ವೈರಾಗ್ಯದ ಬಗ್ಗೆ ತಾನು ಎಷ್ಟು ಬೇಕಾದರೂ ಉಪನ್ಯಾಸ ಕೊಡಬಲ್ಲೆ, ಆದರೆ ನನ್ನಲ್ಲಿ ವೈರಾಗ್ಯವಿದೆಯೇ? ಈ ಪ್ರಶ್ನೆ ಅವರನ್ನು ಹಿಡಿದುಕೊಂಡಿತು.

ಓದುಗರೇ, ಇಲ್ಲಿ ಒಂದು ವಿಷಯವನ್ನು ಗಮನವಿಟ್ಟು ನೋಡಿ. ಅವರು ಮಾಡುತ್ತಿದ್ದದ್ದು ಕೆಟ್ಟ ಕೆಲಸವಲ್ಲ. ಬಡ್ಡಿ ವ್ಯವಹಾರವಲ್ಲ, ಮದ್ಯದಂಗಡಿಯಲ್ಲ, ಲಂಚದ ಕಚೇರಿಯಲ್ಲ. ದೀನಿನ ವಿದ್ಯೆಯನ್ನು ಕಲಿಸುವ ಕೆಲಸ. ಅದಕ್ಕಿಂತ ಉತ್ತಮವಾದುದು ಯಾವುದಿದೆ? ಆದರೆ ಅವರು ತಮ್ಮ ಕೆಲಸಗಳನ್ನು ಒಂದೊಂದಾಗಿ ಎದುರಿಗಿಟ್ಟುಕೊಂಡು ಪರೀಕ್ಷಿಸಿದರು. ಅವುಗಳಲ್ಲಿ ಅತ್ಯುತ್ತಮವಾದದ್ದು ಪಾಠ ಹೇಳುವುದೇ. ಅದರಲ್ಲೂ ತಾವು ಕಲಿಸುತ್ತಿರುವ ಬಹುಪಾಲು ವಿಷಯಗಳು ಪರಲೋಕದ ದಾರಿಯಲ್ಲಿ ಉಪಯೋಗಕ್ಕೆ ಬಾರದವೆಂದು ಅವರಿಗೆ ಕಂಡಿತು. ಕಲಿಸುವ ಸಂಕಲ್ಪವನ್ನು ನೋಡಿದರೆ, ಅದು ಕೇವಲ ಅಲ್ಲಾಹನ ಸಂಪ್ರೀತಿಗಾಗಿ ಇರಲಿಲ್ಲ. ಸ್ಥಾನಮಾನ ಮತ್ತು ಹೆಸರಿನ ಆಸೆಯೇ ಅವರನ್ನು ಪ್ರತಿದಿನ ಆ ಪೀಠಕ್ಕೆ ಏರಿಸುತ್ತಿತ್ತು. ಸಂಕಲ್ಪದ ಕುರಿತ ಹದೀಸನ್ನು ನಾವೆಲ್ಲ ಚಿಕ್ಕಂದಿನಲ್ಲೇ ಕಲಿತಿದ್ದೇವೆ. ಅದನ್ನು ತನ್ನ ಮೇಲೆಯೇ ಪ್ರಯೋಗಿಸಿ ನೋಡುವ ಧೈರ್ಯ ಎಷ್ಟು ಜನರಿಗಿದೆ? ಕುಸಿಯುತ್ತಿರುವ ದಂಡೆಯ ಅಂಚಿನಲ್ಲಿ ನಿಂತಿದ್ದೇನೆಂದು ಗಝ್ಝಾಲಿಯವರಿಗೆ ಅನಿಸಿತು. ಈಗಲೇ ಸರಿಪಡಿಸಿಕೊಳ್ಳದಿದ್ದರೆ ನೇರ ನರಕಾಗ್ನಿಗೆ ಬೀಳುವೆನೆಂದು ಭಯವಾಯಿತು.

ಭಯವಾದ ಕೂಡಲೇ ಅವರು ಎದ್ದು ಹೊರಟರೇ? ಇಲ್ಲ. ಅವರ ಬದುಕಿನಲ್ಲಿ ನನಗೆ ಅತ್ಯಂತ ಹತ್ತಿರವೆನಿಸುವ ಭಾಗ ಇದೇ. ಹಿಜರಿ 488ರ ರಜಬ್ ತಿಂಗಳಿನಿಂದ ಸುಮಾರು ಆರು ತಿಂಗಳು ಅವರು ಓಲಾಡಿದರು. ಒಂದು ದಿನ ಬಗ್ದಾದ್ ಬಿಡುವುದೆಂದು ನಿರ್ಧಾರ, ಮರುದಿನ ಆ ನಿರ್ಧಾರ ಮಾಯ. ಒಂದು ಹೆಜ್ಜೆ ಮುಂದಿಟ್ಟರೆ ಇನ್ನೊಂದು ಹಿಂದಕ್ಕೆ. ಮುಂಜಾನೆ ಪರಲೋಕದ ಹಂಬಲ ಶುದ್ಧವಾಗಿ ಮೂಡುತ್ತಿತ್ತು. ಸಂಜೆಯಾಗುವಷ್ಟರಲ್ಲಿ ಆಸೆಗಳ ಸೈನ್ಯ ದಾಳಿ ಮಾಡಿ ಅದನ್ನು ಚದುರಿಸಿಬಿಡುತ್ತಿತ್ತು. ಆಯುಷ್ಯ ಸ್ವಲ್ಪವೇ ಉಳಿದಿದೆ, ಪ್ರಯಾಣ ದೀರ್ಘವಿದೆ, ಹೊರಡು ಎಂದು ಈಮಾನ್ ಕೂಗುತ್ತಿತ್ತು. ಅತ್ತ ಶೈತಾನನು ಬಹಳ ಬುದ್ಧಿವಂತಿಕೆಯಿಂದ ಮಾತನಾಡುತ್ತಿದ್ದ. ಇದೊಂದು ತಾತ್ಕಾಲಿಕ ಮನಃಸ್ಥಿತಿ, ಬೇಗ ಹೋಗಿಬಿಡುತ್ತದೆ. ಇದಕ್ಕೆ ಮಣಿದು ಇಂತಹ ನಿಷ್ಕಂಟಕ ಸ್ಥಾನವನ್ನು ಬಿಟ್ಟೆಯಾದರೆ, ನಾಳೆ ಮತ್ತೆ ಬೇಕೆನಿಸಿದಾಗ ಅದು ಸಿಗಲಾರದು ಎನ್ನುತ್ತಿದ್ದ. ಹುದ್ದೆಯಲ್ಲಿರುವ ನಮಗೆ ನಿಮಗೆಲ್ಲ ಪರಿಚಿತವಾದ ಸ್ವರವಲ್ಲವೇ ಇದು? ಅದರಲ್ಲಿ ಸುಳ್ಳಿನ ಅಂಶ ಬಹಳ ಕಡಿಮೆ. ಅದರ ಬಲವೂ ಅಲ್ಲೇ ಇದೆ.

ಕೊನೆಗೆ ನಿರ್ಧಾರ ಅವರ ಕೈ ಮೀರಿತು. ಅಲ್ಲಾಹನು ಅವರ ನಾಲಿಗೆಗೆ ಬೀಗ ಹಾಕಿದನು. ಮಕ್ಕಳು ಬಂದು ಕುಳಿತಿದ್ದಾರಲ್ಲಾ, ಅವರ ಮನಸ್ಸಿಗೆ ಸಮಾಧಾನವಾಗಲಿ ಎಂದು ಒಂದು ದಿನ ಪಾಠ ಹೇಳಲು ಹೆಣಗಾಡಿದರು. ಒಂದು ಶಬ್ದವೂ ಹೊರಡಲಿಲ್ಲ. ವಾದದಲ್ಲಿ ಯಾರಿಗೂ ಸೋಲದಿದ್ದ ನಾಲಿಗೆಯದು. ಆ ದುಃಖ ಎದೆಗಿಳಿಯಿತು. ಅನ್ನ ಸೇರದಾಯಿತು, ನೀರೂ ಗಂಟಲಲ್ಲಿ ಇಳಿಯದಾಯಿತು, ಮೈ ಸೊರಗಿತು. ವೈದ್ಯರು ಬಂದು ನೋಡಿ ಕೈಚೆಲ್ಲಿದರು. ಇದು ಹೃದಯಕ್ಕೆ ತಗಲಿ ಅಲ್ಲಿಂದ ದೇಹಕ್ಕೆ ಹರಡಿದ ರೋಗ, ಒಳಗಿನ ಚಿಂತೆ ಹೋಗದೆ ಔಷಧ ನಾಟದು ಎಂದರು. ಇಂದಿನ ವೈದ್ಯರು ಇದಕ್ಕೆ ಬೇರೆ ಹೆಸರು ಕೊಡಬಹುದು. ಇಂತಹ ಸ್ಥಿತಿಯಲ್ಲಿ ವೈದ್ಯರ ಬಳಿಗೆ ಹೋಗಬಾರದೆಂದು ದಯವಿಟ್ಟು ಅರ್ಥ ಮಾಡಿಕೊಳ್ಳಬೇಡಿ. ಇಮಾಮರೂ ವೈದ್ಯರಿಗೆ ತೋರಿಸಿದರು.

ತಾನು ಅಶಕ್ತ, ತನ್ನ ಆಯ್ಕೆಯ ಶಕ್ತಿಯೇ ಉಡುಗಿದೆ ಎಂದು ಮನವರಿಕೆಯಾದಾಗ, ಬೇರೆ ದಾರಿಯಿಲ್ಲದವನು ಮೊರೆಯಿಡುವಂತೆ ಅವರು ಅಲ್ಲಾಹನಲ್ಲಿ ಮೊರೆಯಿಟ್ಟರು. ಮೊರೆ ಕೇಳಿಸಲ್ಪಟ್ಟಿತು. ಹೆಸರು, ಹಣ, ಮಕ್ಕಳು, ಗೆಳೆಯರು ಎಲ್ಲದರಿಂದ ಮುಖ ತಿರುಗಿಸುವುದು ಅವರ ಹೃದಯಕ್ಕೆ ಹಗುರವಾಯಿತು.

ಹೊರಡುವ ರೀತಿಯನ್ನೂ ನೋಡಿ. ಅವರು ಎಲ್ಲವನ್ನೂ ಬೀದಿಯಲ್ಲಿ ಚೆಲ್ಲಿ ಓಡಿಹೋಗಲಿಲ್ಲ. ತಮ್ಮ ಸಂಪತ್ತನ್ನು ಹಂಚಿದರು. ಆದರೆ ತಮ್ಮ ಖರ್ಚಿಗೂ ಮಕ್ಕಳ ಜೀವನಕ್ಕೂ ಬೇಕಾದಷ್ಟನ್ನು ಉಳಿಸಿದರು. ಆ ಹಣ ಇರಾಕಿನ ವಕ್ಫ್‌ಗೆ ಸೇರಿದ್ದು, ಮುಸ್ಲಿಮರ ಹಿತಕ್ಕಾಗಿ ಇರುವಂಥದ್ದು, ವಿದ್ವಾಂಸನೊಬ್ಬ ತನ್ನ ಮಕ್ಕಳಿಗಾಗಿ ಪಡೆಯಲು ಅದಕ್ಕಿಂತ ನಿರ್ಮಲವಾದ ಹಣ ತನಗೆ ಕಂಡಿಲ್ಲವೆಂದು ಕಾರಣವನ್ನೂ ಬರೆದಿಟ್ಟರು. ಪಾಠ ನಿಲ್ಲಬಾರದೆಂದು ತಮ್ಮನಾದ ಅಹ್ಮದ್ ಗಝ್ಝಾಲಿಯವರನ್ನು ತಮ್ಮ ಸ್ಥಾನದಲ್ಲಿ ನಿಲ್ಲಿಸಿದರು. ಮಕ್ಕಾಕ್ಕೆ ಹೋಗುತ್ತೇನೆಂದು ಸಾರಿದರು; ಮನಸ್ಸಿನಲ್ಲಿದ್ದದ್ದು ಶಾಮ್ ದೇಶ, ಅಂದರೆ ಸಿರಿಯಾ. ಖಲೀಫರಿಗೂ ಮಿತ್ರರಿಗೂ ತಿಳಿದರೆ ತಡೆಯುತ್ತಾರೆಂಬ ಅಳುಕಿತ್ತು. ಇದನ್ನೂ ಅವರೇ ಬರೆದಿದ್ದಾರೆ, ಮುಚ್ಚಿಟ್ಟಿಲ್ಲ.

ಊರಿನ ಬಾಯಿ ಸುಮ್ಮನಿರಲಿಲ್ಲ. ಈ ನಿರ್ಗಮನದ ಹಿಂದೆ ಧಾರ್ಮಿಕ ಕಾರಣವಿರಬಹುದೆಂದು ಇರಾಕಿನ ವಿದ್ವಾಂಸರಿಗೆ ಹೊಳೆಯಲೇ ಇಲ್ಲ. ಏಕೆಂದರೆ ಆ ಪೀಠವೇ ಧರ್ಮದಲ್ಲಿ ಅತ್ಯುನ್ನತ ಸ್ಥಾನವೆಂಬುದು ಅವರ ತಿಳುವಳಿಕೆಯಾಗಿತ್ತು. ದೂರದವರು, ಅಧಿಕಾರಿಗಳಿಗೆ ಹೆದರಿ ಓಡಿದನೆಂದು ಊಹಿಸಿದರು. ಹತ್ತಿರದವರು, ಅಧಿಕಾರಿಗಳೇ ಹಿಂದೆ ಬಿದ್ದು ಬೇಡುತ್ತಿದ್ದರೂ ಈತ ಒಲ್ಲೆನ್ನುವುದನ್ನು ಕಂಡು, ಇದು ಮುಸ್ಲಿಮರಿಗೆ ತಗಲಿದ ಕೆಟ್ಟ ದೃಷ್ಟಿಯೆಂದರು. ಇಂದಿಗೂ ಕೆಲವು ಸಂಶೋಧಕರು ರಾಜಕೀಯದ ಭಯವೇ ಕಾರಣವೆಂದು ಬರೆಯುತ್ತಾರೆ. ಆ ಕಾಲ ಭಯದ ಕಾಲವೇ ಆಗಿತ್ತು, ಒಪ್ಪೋಣ. ಆದರೆ ಕೇವಲ ಜೀವಭಯದಿಂದ ಓಡಿದವನು ತನ್ನ ಅಹಂಕಾರದ ಬಗ್ಗೆ ಅಷ್ಟು ನಿರ್ದಯವಾಗಿ ಬರೆಯಲಾರ.

ಹಿಜರಿ 488ರ ದುಲ್‌ಕಅದ್, ಕ್ರಿ.ಶ. 1095ರ ನವೆಂಬರ್‌ನಲ್ಲಿ ಅವರು ಬಗ್ದಾದ್ ಬಿಟ್ಟರು. ದಮಾಸ್ಕಸ್ ತಲುಪಿ ಸುಮಾರು ಎರಡು ವರ್ಷ ಶಾಮ್ ನಾಡಿನಲ್ಲಿ ಕಳೆದರು. ಅಲ್ಲಿನ ಉಮವಿ ಮಸೀದಿಯಲ್ಲಿ ಇಅತಿಕಾಫ್ ಇರುತ್ತಿದ್ದರು. ಮಿನಾರ ಹತ್ತಿ ಬಾಗಿಲು ಮುಚ್ಚಿಕೊಂಡು ಇಡೀ ಹಗಲು ಅಲ್ಲೇ ಇರುತ್ತಿದ್ದರು. ಏಕಾಂತ, ದಿಕ್ರ್, ಆತ್ಮಶುದ್ಧಿ ಬಿಟ್ಟರೆ ಬೇರೆ ಉದ್ಯೋಗವಿರಲಿಲ್ಲ. ಮುನ್ನೂರು ಜನರ ಮುಂದೆ ಕುಳಿತಿದ್ದವರು ಈಗ ಒಬ್ಬರೇ. ಅಲ್ಲಿಂದ ಬೈತುಲ್ ಮಕ್ದಿಸ್‌ಗೆ ಹೋದರು. ಅಲ್ಲೂ ಪ್ರತಿದಿನ ಕುಬ್ಬತುಸ್ಸಖ್ರಾದೊಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಅಲ್ಲಾಹನು ಅವರಿಗೆ ಆ ಪುಣ್ಯಭೂಮಿಯ ದರ್ಶನವನ್ನು ಸಕಾಲದಲ್ಲಿ ಕೊಟ್ಟನೆನ್ನಬೇಕು. 1099ರಲ್ಲಿ ಶಿಲುಬೆ ಯೋಧರು ಆ ನಗರವನ್ನು ರಕ್ತದಲ್ಲಿ ಮುಳುಗಿಸಿದರು.

ಹತ್ತಿರದ ಖಲೀಲ್ ಪಟ್ಟಣದಲ್ಲಿ ಹಝ್ರತ್ ಇಬ್ರಾಹೀಮ್(ಅ)ರ ಸಮಾಧಿಯಿದೆ. ಹಿಜರಿ 489ರಲ್ಲಿ ಅಲ್ಲಿ ನಿಂತು ಅವರು ಮೂರು ಪ್ರತಿಜ್ಞೆ ಮಾಡಿದರು: ಯಾವ ದೊರೆಯ ಹಣವನ್ನೂ ಮುಟ್ಟುವುದಿಲ್ಲ, ಯಾವ ದೊರೆಯ ಆಸ್ಥಾನಕ್ಕೂ ಹೋಗುವುದಿಲ್ಲ, ಯಾರೊಂದಿಗೂ ವಾದಕ್ಕೆ ನಿಲ್ಲುವುದಿಲ್ಲ. ತಮ್ಮನ್ನು ಮೇಲೇರಿಸಿದ ಮೂರೂ ಏಣಿಗಳನ್ನು ಅವರು ತಾವೇ ಕಡಿದುಹಾಕಿದರು. ಮನೆಮಾರು, ಮೂರ್ತಿಗಳ ಮಾರುಕಟ್ಟೆ, ಅರಸನ ಆಶ್ರಯ ಎಲ್ಲ ಬಿಟ್ಟು ಹೊರಟ ಪ್ರವಾದಿಯ ಸನ್ನಿಧಿಯಲ್ಲಿ ಈ ಪ್ರತಿಜ್ಞೆಗಿಂತ ಯೋಗ್ಯವಾದುದು ಇನ್ನೇನಿದೆ! ಅದೇ ವರ್ಷ, 1096ರ ಕೊನೆಯಲ್ಲಿ, ಹಜ್ಜ್ ನಿರ್ವಹಿಸಿದರು. ಮದೀನಾಕ್ಕೆ ಹೋಗಿ ಪ್ರವಾದಿವರ್ಯರ(ಸ) ಸಮಾಧಿಯ ಮುಂದೆ ಸಲಾಮ್ ಹೇಳಿದರು.

ಇಷ್ಟು ಓದಿ, ಆ ಬಳಿಕ ಅವರ ಮನಸ್ಸು ಸದಾ ಪ್ರಶಾಂತವಾಗಿತ್ತೆಂದು ತಿಳಿಯಬೇಡಿ. ಮಕ್ಕಳ ಕರೆ ಅವರನ್ನು ಊರಿನತ್ತ ಎಳೆಯಿತು. ಕಾಲದ ಘಟನೆಗಳು, ಕುಟುಂಬದ ಹೊಣೆ, ಜೀವನೋಪಾಯದ ಚಿಂತೆ ಇವು ಏಕಾಂತವನ್ನು ಕದಡುತ್ತಲೇ ಇದ್ದವು. ಶುದ್ಧವಾದ ಸ್ಥಿತಿ ನಡುನಡುವೆ ಮಾತ್ರ ಸಿಗುತ್ತಿತ್ತು, ಆದರೂ ಆಸೆ ಬಿಡಲಿಲ್ಲವೆಂದು ಅವರೇ ಹೇಳುತ್ತಾರೆ. ಅಡುಗೆಮನೆ, ಅಂಗಡಿ, ಮಕ್ಕಳ ಶಾಲೆಯ ಫೀಸಿನ ನಡುವೆ ನಮಾಝಿನಲ್ಲಿ ಮನಸ್ಸು ನಿಲ್ಲುವುದಿಲ್ಲವೆಂದು ಕೊರಗುವ ಸಹೋದರ ಸಹೋದರಿಯರಿಗೆ ಈ ಮಾತಿನಿಂದ ಧೈರ್ಯ ಬರಬೇಕು.

1097ರಲ್ಲಿ ಅವರು ಬಗ್ದಾದಿಗೆ ಮರಳಿ ಬಂದರು. ಎಲ್ಲಿ ಇಳಿದುಕೊಂಡರು ಗೊತ್ತೇ? ನಿಝಾಮಿಯ್ಯದ ಎದುರಿಗೇ ಇದ್ದ ಅಬೂ ಸಅದ್ ಎಂಬ ಸೂಫಿ ವಸತಿಯಲ್ಲಿ. ದೂರದ ಸ್ಪೇನಿನಿಂದ ಬಂದಿದ್ದ ಯುವ ವಿದ್ವಾಂಸ ಅಬೂಬಕ್ರ್ ಇಬ್ನುಲ್ ಅರಬಿ ಅವರನ್ನು ಅಲ್ಲಿ ಕಂಡರು. ಈ ಸಲ ಜನರು ಅವರ ಉಡುಪಿಗೆ ಕಟ್ಟಿದ ಬೆಲೆ ಹದಿನೈದು ಕೀರಾತ್. ಒಂದು ದೀನಾರ್‌ಗೂ ಕಡಿಮೆ. ತಾವು ಬರೆಯುತ್ತಿದ್ದ ಇಹ್ಯಾ ಉಲೂಮುದ್ದೀನ್ ಗ್ರಂಥವನ್ನು ಅವರು ಜನರಿಗೆ ಓದಿಹೇಳಿದರು. ನಾಲ್ಕು ಭಾಗ, ನಲವತ್ತು ಅಧ್ಯಾಯಗಳ ಆ ಮಹಾಗ್ರಂಥ ಆ ಅಲೆದಾಟದ ವರ್ಷಗಳ ಫಲ.

ಆ ನಲವತ್ತರಲ್ಲಿ ಪ್ರಯಾಣದ ಶಿಷ್ಟಾಚಾರಕ್ಕೇ ಒಂದು ಅಧ್ಯಾಯವಿದೆ. ಕೆಲಸ ಬಿಟ್ಟು ಎಲ್ಲಿಗಾದರೂ ಹೊರಟುಬಿಡಬೇಕೆಂದು ಅನಿಸುವ ಯುವಕರು ಅದನ್ನು ಓದಲೇಬೇಕು. ಅಲೆದಾಡಿ ಬಂದ ಈ ಮನುಷ್ಯ ಅಲೆದಾಟವನ್ನು ಕುರುಡಾಗಿ ಹೊಗಳುವುದಿಲ್ಲ. ಮೊದಲಿಗೆ ಏತಕ್ಕೆ ಹೊರಡುತ್ತಿದ್ದೀಯೆಂದು ಕೇಳುತ್ತಾರೆ. ವಿದ್ಯೆಗಾಗಿಯೇ, ಹಜ್ಜ್‌ನಂತಹ ಆರಾಧನೆಗಾಗಿಯೇ, ದೀನಿಗೆ ಕೇಡಾಗುವ ಪರಿಸರದಿಂದ ತಪ್ಪಿಸಿಕೊಳ್ಳಲೇ, ಅಥವಾ ದೇಹಕ್ಕೆ ಬರುವ ಅಪಾಯದಿಂದ ಪಾರಾಗಲೇ? ದೀನಿಗೆ ಕೇಡಾಗುವ ಪರಿಸರಗಳಲ್ಲಿ ಅಧಿಕಾರ ಮತ್ತು ಕೀರ್ತಿಯನ್ನೂ ಅವರು ಸೇರಿಸಿದ್ದಾರೆ. ಅದು ಅವರದೇ ಅನುಭವ. ಬಳಿಕ ಹೊರಡುವ ಮುನ್ನ ಮಾಡಬೇಕಾದ್ದನ್ನು ಹೇಳುತ್ತಾರೆ. ಯಾರಿಗಾದರೂ ಅನ್ಯಾಯ ಮಾಡಿದ್ದರೆ ಅದನ್ನು ಸರಿಪಡಿಸಬೇಕು, ಸಾಲ ತೀರಿಸಬೇಕು, ಇಟ್ಟುಕೊಂಡ ಅಮಾನತ್ತುಗಳನ್ನು ಹಿಂದಿರುಗಿಸಬೇಕು, ತನ್ನನ್ನು ನೆಚ್ಚಿದವರ ಖರ್ಚಿಗೆ ವ್ಯವಸ್ಥೆ ಮಾಡಬೇಕು, ದಾರಿಯ ಬುತ್ತಿ ಹಲಾಲ್ ಆಗಿರಬೇಕು. ಯಾವ ಉದ್ದೇಶವೂ ಇಲ್ಲದೆ ತೇಪೆ ಹಾಕಿದ ಅಂಗಿ ತೊಟ್ಟು, ಸೂಫಿ ವಸತಿಯಿಂದ ವಸತಿಗೆ ಊಟ ಹುಡುಕಿಕೊಂಡು ತಿರುಗುವ ಸೋಮಾರಿಗಳನ್ನು ಅವರು ಕಟುವಾಗಿ ಖಂಡಿಸಿದ್ದಾರೆ. ಅದೇ ಭಾಗದಲ್ಲಿ ಸಂಪಾದನೆಯ ಶಿಷ್ಟಾಚಾರಕ್ಕೂ ಒಂದು ಅಧ್ಯಾಯವಿರುವುದನ್ನು ಮರೆಯಬಾರದು. ಪ್ರಾಮಾಣಿಕ ವ್ಯಾಪಾರಿಯ ಅಂಗಡಿಯೂ ಅವರ ದೃಷ್ಟಿಯಲ್ಲಿ ಪರಲೋಕದ ದಾರಿಯ ಮೇಲೆಯೇ ಇದೆ.

ಹಾಗಾದರೆ ಅವರು ಆ ಪೀಠವನ್ನು ಬಿಟ್ಟದ್ದೇಕೆ? ಇದಕ್ಕೆ ಉತ್ತರ ಹನ್ನೊಂದು ವರ್ಷಗಳ ನಂತರ ಸಿಗುತ್ತದೆ. ತೂಸ್‌ನಲ್ಲಿ ಏಕಾಂತದಲ್ಲಿದ್ದ ಅವರನ್ನು, ಹಿಂದಿನ ಪ್ರಧಾನಿಯ ಮಗ ಫಖ್ರುಲ್ ಮುಲ್ಕ್, ನೈಸಾಬೂರ್‌ನ ನಿಝಾಮಿಯ್ಯದಲ್ಲಿ ಪಾಠ ಹೇಳಲೇಬೇಕೆಂದು ಒತ್ತಾಯಿಸಿದರು. ಜನರ ವಿಶ್ವಾಸ ಸಡಿಲಗೊಂಡಿರುವುದನ್ನು ಕಂಡು ಅವರ ಮನಸ್ಸೂ ತಳಮಳಿಸುತ್ತಿತ್ತು. ಹೃದಯವಂತರಾದ ಹಿರಿಯರನ್ನು ಕೇಳಿದರು, ಎಲ್ಲರೂ ಹೋಗೆಂದರು. ಹಿಜರಿ 499ರ ದುಲ್‌ಕಅದ್‌ನಲ್ಲಿ (ಕ್ರಿ.ಶ. 1106) ಅವರು ಮತ್ತೆ ಪೀಠವೇರಿದರು. ದೊರೆಗಳಿಂದ ದೂರವಿರುವ ಪ್ರತಿಜ್ಞೆ ಮಾಡಿದವರು ಪ್ರಧಾನಿಯ ಮಾತಿಗೆ ಮಣಿದದ್ದು ಸರಿಯೇ ಎಂದು ನೀವು ಕೇಳಬಹುದು. ಅವರಿಗೂ ಅದು ಸುಲಭವಾಗಿರಲಿಲ್ಲವೆಂದು ಅವರ ಬರಹದಿಂದಲೇ ತಿಳಿಯುತ್ತದೆ. ತಾನು ವಿದ್ಯಾಪ್ರಸಾರಕ್ಕೆ ಮರಳಿದರೂ ಅದು ಹಿಂದಿನದಕ್ಕೆ ಮರಳಿದ್ದಲ್ಲ ಎನ್ನುತ್ತಾರೆ. ಅಂದು ಕಲಿಸಿದ್ದು ಸ್ಥಾನಮಾನ ಗಳಿಸಿಕೊಡುವ ವಿದ್ಯೆ, ಸ್ವಂತ ಸಂಕಲ್ಪವೂ ಅದೇ. ಈಗ ಕಲಿಸುತ್ತಿರುವುದು ಸ್ಥಾನಮಾನವನ್ನು ಬಿಡಲು ಕಲಿಸುವ ವಿದ್ಯೆ. ತಾನು ಗುರಿ ಮುಟ್ಟುವೆನೋ ಇಲ್ಲವೋ ಅಲ್ಲಾಹನಿಗೇ ಗೊತ್ತೆಂದೂ ಸೇರಿಸುತ್ತಾರೆ. ಮದ್ರಸ ಅಂಥದ್ದೇ, ಪೀಠ ಅಂಥದ್ದೇ. ಕುಳಿತವರು ಮಾತ್ರ ಬದಲಾಗಿದ್ದರು.

ಬದಲಾಗಿದ್ದಾರೆಂದು ನಂಬಲು ಆಗ ಕೆಲವರು ಸಿದ್ಧರಿರಲಿಲ್ಲ. ಹಿಂದೆ ಹೇಳಿದ ಅಬ್ದುಲ್ ಗಾಫಿರ್ ಅವರಿಗೂ ಇದು ವೇಷವೆಂದೇ ಅನಿಸಿತ್ತು. ಅವರು ಹಲವು ಬಾರಿ ಭೇಟಿಯಾಗಿ ಕೆದಕಿ ನೋಡಿದರು. ಜನ ಎಷ್ಟೇ ನಿಂದಿಸಿದರೂ, ಚುಚ್ಚಿದರೂ ಉತ್ತರ ಕೊಡಲು ಹೋಗದ ಆ ಸೌಮ್ಯತೆಯನ್ನು ಕಂಡು, ತಮ್ಮ ಅನುಮಾನವೇ ತಪ್ಪೆಂದು ಬರೆದುಕೊಂಡರು.

ಫಖ್ರುಲ್ ಮುಲ್ಕ್ ಕೂಡ ಅದೇ ವರ್ಷ, 1106ರಲ್ಲಿ, ತಂದೆಯಂತೆಯೇ ಕೊಲೆಯಾದರು. ಇಮಾಮರು ನೈಸಾಬೂರ್ ಬಿಟ್ಟು ತೂಸ್‌ಗೆ ಬಂದು, ಮನೆಯ ಪಕ್ಕದಲ್ಲೇ ವಿದ್ಯಾರ್ಥಿಗಳಿಗೊಂದು ಮದ್ರಸ, ಸೂಫಿಗಳಿಗೊಂದು ವಸತಿ ನಿರ್ಮಿಸಿದರು. 1110ರಲ್ಲಿ ಬಗ್ದಾದಿನ ನಿಝಾಮಿಯ್ಯದ ಪೀಠ ಮತ್ತೆ ಅವರನ್ನು ಹುಡುಕಿಕೊಂಡು ಬಂತು. ಬಿಟ್ಟರೆ ಮತ್ತೆ ಸಿಗದೆಂದು ಶೈತಾನನು ಹೆದರಿಸಿದ್ದ ಅದೇ ಪೀಠ! ಅವರು ವಿನಯದಿಂದ ಒಲ್ಲೆನೆಂದು ಪತ್ರ ಬರೆದರು. ಇಲ್ಲಿ ನೂರೈವತ್ತು ವಿದ್ಯಾರ್ಥಿಗಳಿದ್ದಾರೆ, ಅವರಿಗೆ ಬಗ್ದಾದಿಗೆ ಬರುವುದು ಕಷ್ಟ. ಖಲೀಲ್‌ನಲ್ಲಿ ಮಾಡಿದ ಪ್ರತಿಜ್ಞೆಯಿದೆ, ಬಗ್ದಾದಿನಲ್ಲಿ ವಾದ ಮಾಡದೆ ಇರಲಾಗದು ಎಂಬಿತ್ಯಾದಿ ಕಾರಣಗಳನ್ನು ಕೊಟ್ಟರು.

ಕೊನೆಯ ದಿನಗಳಲ್ಲಿ ಅವರು ಬುಖಾರಿ ಮತ್ತು ಮುಸ್ಲಿಮ್ ಹದೀಸ್ ಸಂಗ್ರಹಗಳ ಅಧ್ಯಯನಕ್ಕೆ ಕುಳಿತರು. ಅಷ್ಟೆಲ್ಲ ಬರೆದ ಮನುಷ್ಯ ಐವತ್ತು ದಾಟಿದ ಮೇಲೆ ಮತ್ತೆ ವಿದ್ಯಾರ್ಥಿಯಾದರು.

ಹಿಜರಿ 505ರ ಜುಮಾದಲ್ ಆಖಿರ್ 14, ಸೋಮವಾರ. ಕ್ರಿ.ಶ. 1111ರ ದಶಂಬರ್ 18. ಆ ಮುಂಜಾನೆಯನ್ನು ತಮ್ಮ ಅಹ್ಮದ್ ವಿವರಿಸಿದ್ದಾರೆ. ಅಣ್ಣ ವುಝೂ ಮಾಡಿ ಫಜ್ರ್ ನಮಾಝ್ ನಿರ್ವಹಿಸಿದರು. ಕಫನ್ ಬಟ್ಟೆಯನ್ನು ತರಿಸಿ ಮುತ್ತಿಟ್ಟು ಕಣ್ಣಿಗೊತ್ತಿಕೊಂಡರು. ಒಡೆಯನ ಸನ್ನಿಧಿಗೆ ಹೋಗಲು ತಾನು ಸಿದ್ಧನೆಂದು ಹೇಳಿ, ಕಾಲು ಚಾಚಿ ಕಿಬ್ಲಾದೆಡೆಗೆ ಮುಖಮಾಡಿ ಮಲಗಿದರು. ಬೆಳಕು ಹರಿಯುವ ಮುನ್ನ ಪ್ರಾಣ ಹೋಗಿತ್ತು. ಅವರನ್ನು ಹುಟ್ಟೂರಿನಲ್ಲೇ ದಫನ ಮಾಡಲಾಯಿತು. ಅವರ ಹಿಂದೆ ಉಳಿದವರು ಹೆಣ್ಣುಮಕ್ಕಳು ಮಾತ್ರ. ತಂದೆಯಿಂದ ಬಂದದ್ದು ಮತ್ತು ಸ್ವಂತ ಗಳಿಕೆ ಸೇರಿ ಮನೆಯ ಖರ್ಚಿಗೆ ಸಾಕಾಗುವಷ್ಟು ಅವರಲ್ಲಿತ್ತು. ಅದಕ್ಕಿಂತ ಹೆಚ್ಚು ಕೊಡಲು ಬಂದವರಿಂದ ಅವರು ಏನನ್ನೂ ತೆಗೆದುಕೊಂಡಿರಲಿಲ್ಲ.